ಪೀಟ್ ನಿಂತಿತು, ನೆಲ ಉಳಿಯಿತು: ಐರ್ಲೆಂಡಿನ ಬೋರ್ಡ್ ನಾ ಮೋನಾ ಎತ್ತ ಹೊರಟಿದೆ?

ಬೋರ್ಡ್ ನಾ ಮೋನಾ ಐರ್ಲೆಂಡ್ ಸರ್ಕಾರದ ಕಂಪನಿ. 1946ರಿಂದ ಜೌಗು ನೆಲದಿಂದ ಪೀಟ್ ಎಂಬ ಉರಿಯುವ ಕಂದು ಮಣ್ಣು ತೆಗೆಯುವುದೇ ಅದರ ಕಸುಬಾಗಿತ್ತು. 2021ರ ಜನವರಿಯಲ್ಲಿ ಕಂಪನಿ ಇನ್ನು ಮುಂದೆ ಪೀಟ್ ತೆಗೆಯುವುದಿಲ್ಲ ಎಂದು ಘೋಷಿಸಿತು. ಗಾಳಿ ವಿದ್ಯುತ್, ಸೌರ ವಿದ್ಯುತ್, ಕಸ ನಿರ್ವಹಣೆ, ಇವೇ ಇನ್ನು ನಮ್ಮ ದಾರಿ ಅಂದಿತು. ಅಲ್ಲಿಯವರೆಗೆ ಎಲ್ಲ ಸರಿಯಾಗೇ ಅರ್ಥವಾಗುತ್ತಿತ್ತು.

ಆಮೇಲೆ ಬಂದ ಸುದ್ದಿಗಳು ಮಾತ್ರ ಒಂದಕ್ಕೊಂದು ತಾಳೆಯಾಗುವುದಿಲ್ಲ. 2024ರಲ್ಲಿ ಇದೇ ಕಂಪನಿ ಮನೆ ಮನೆಯ ಕಸ ಎತ್ತುವ ವ್ಯವಹಾರವನ್ನು ಕೆರ್ರಿ ಜಿಲ್ಲೆಯ ಕೆಡಬ್ಲ್ಯೂಡಿ ಎಂಬ ಖಾಸಗಿ ಕಂಪನಿಗೆ ಮಾರಲು ಒಪ್ಪಿಕೊಂಡಿತು. ಕಸ ಹೂಳುವ ಜಾಗವನ್ನು ಮಾತ್ರ ತನ್ನ ಹತ್ತಿರವೇ ಇಟ್ಟುಕೊಂಡಿತು. ಪೀಟ್ ಸುಡುತ್ತಿದ್ದ ಅದರ ವಿದ್ಯುತ್ ಸ್ಥಾವರ ಈಗಲೂ ಉರಿಯುತ್ತಿದೆ, ಪೀಟ್ ಬದಲು ಮರದ ಚೂರು ಹಾಕಿ. ಗಾಳಿಯಂತ್ರದ ವಿದ್ಯುತ್ತನ್ನು ಅಮೆಜಾನ್‌ಗೆ ಮಾರುವ ಒಪ್ಪಂದ ಆಗಿದೆ. ಇನ್ನೊಂದು ಕಡೆ ಅದೇ ದೇಶದಲ್ಲಿ ಕಳ್ಳತನದಲ್ಲಿ ಪೀಟ್ ತೆಗೆಯುವವರ ಸುದ್ದಿಯೂ ಬರುತ್ತಿದೆ. ಹಾಗಾದರೆ ಈ ಕಂಪನಿ ನಿಜಕ್ಕೂ ಬದಲಾಯಿತೇ? ಪೀಟ್ ನಿಂತಿತೇ? ಸರ್ಕಾರಿ ಕಂಪನಿ ಕಸದ ವ್ಯವಹಾರಕ್ಕೆ ಕೈ ಹಾಕಿದ್ದು ಯಾಕೆ, ಬಿಟ್ಟಿದ್ದು ಯಾಕೆ?

ಇದನ್ನೆಲ್ಲ ಬಿಡಿಸಿ ನೋಡಲು ಒಂದು ವಿಷಯ ಹಿಡಿದುಕೊಂಡರೆ ಸಾಕು. ಈ ಕಂಪನಿಯ ದೊಡ್ಡ ಆಸ್ತಿ ಪೀಟ್ ಅಲ್ಲ, ನೆಲ. ಸುಮಾರು 80,000 ಹೆಕ್ಟೇರ್ ನೆಲ. ಈಗ ನಡೆಯುತ್ತಿರುವುದೆಲ್ಲ ಆ ನೆಲಕ್ಕೆ ಹೊಸ ಕೆಲಸ ಹುಡುಕುವ ಯತ್ನ. ನೆಲಕ್ಕೆ ಹೊಸ ಕೆಲಸ ಸಿಕ್ಕಿದೆ. ಆ ನೆಲದ ಮೇಲೆ ದುಡಿಯುತ್ತಿದ್ದವರಿಗೆ ಅಷ್ಟೇ ಪ್ರಮಾಣದಲ್ಲಿ ಸಿಕ್ಕಿಲ್ಲ. ಗೊಂದಲ, ಸಿಟ್ಟು, ವಾದ ಎಲ್ಲ ಹುಟ್ಟುವುದು ಇಲ್ಲೇ.

ಪೀಟ್ ಅಂದರೆ ಏನು, ಅದಕ್ಕೊಂದು ಸರ್ಕಾರಿ ಕಂಪನಿ ಯಾಕೆ?

ನೀರು ನಿಂತ ಜೌಗಿನಲ್ಲಿ ಪಾಚಿ ಬೆಳೆಯುತ್ತದೆ, ಸಾಯುತ್ತದೆ. ಗಾಳಿ ಸಿಗದ ಕಾರಣ ಪೂರ್ತಿ ಕೊಳೆಯುವುದಿಲ್ಲ. ಅದರ ಮೇಲೆ ಇನ್ನೊಂದು ಪದರ, ಮತ್ತೊಂದು ಪದರ. ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಲೆಕ್ಕದಲ್ಲಿ ಸಾವಿರಾರು ವರ್ಷ ಕೂಡಿ ಬಂದ ಈ ಕಂದು ಮಣ್ಣೇ ಪೀಟ್. ಒಣಗಿಸಿದರೆ ಉರಿಯುತ್ತದೆ. ಐರ್ಲೆಂಡಿನ ನೆಲದಲ್ಲಿ ಸುಮಾರು ಐದನೇ ಒಂದು ಭಾಗ ಪೀಟ್ ಮಣ್ಣು. ಕಲ್ಲಿದ್ದಲು ಅಲ್ಲಿ ಹೆಚ್ಚೇನೂ ಇಲ್ಲ. ಹಾಗಾಗಿ ಹಳ್ಳಿಗಳಲ್ಲಿ ತಲೆಮಾರುಗಳಿಂದ ಒಲೆಗೆ, ಚಳಿ ಕಾಯಿಸಲು ಇದೇ ಉರುವಲು.

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನಿಂದ ಕಲ್ಲಿದ್ದಲು ಬರುವುದು ಹೆಚ್ಚುಕಮ್ಮಿ ನಿಂತೇ ಹೋಯಿತು. ಡಬ್ಲಿನ್ನಿನ ಫೀನಿಕ್ಸ್ ಪಾರ್ಕಿನಲ್ಲಿ ಪೀಟ್ ತುಂಡುಗಳನ್ನು ಗುಡ್ಡದ ಹಾಗೆ ಒಟ್ಟಿ ಊರಿಗೆ ಹಂಚಿದ ಕಾಲ ಅದು. ಉರುವಲಿಗೆ ಬೇರೆ ದೇಶವನ್ನು ನಂಬಿಕೊಂಡರೆ ಏನಾಗುತ್ತದೆ ಎಂಬುದು ಚೆನ್ನಾಗಿ ಮನವರಿಕೆಯಾಗಿತ್ತು. 1946ರಲ್ಲಿ ಕಾನೂನು ಮಾಡಿ ಬೋರ್ಡ್ ನಾ ಮೋನಾ ಕಟ್ಟಿದರು. 1950ರಲ್ಲಿ ಪೋರ್ಟಾರ್ಲಿಂಗ್ಟನ್‌ನಲ್ಲಿ ಪೀಟ್‌ನಿಂದ ನಡೆಯುವ ಮೊದಲ ವಿದ್ಯುತ್ ಸ್ಥಾವರ ಶುರುವಾಯಿತು. 1973ರ ತೈಲ ಬಿಕ್ಕಟ್ಟು ಬಂದಾಗ ಪೀಟ್ ಕೆಲಸ ಇನ್ನಷ್ಟು ಹಿಗ್ಗಿತು.

ಕೆಲಸ ನಡೆಯುತ್ತಿದ್ದ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಯಾಕೆಂದರೆ ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಹಸಿ ಜೌಗಿನಲ್ಲಿ ತೊಂಬತ್ತು ಭಾಗಕ್ಕೂ ಜಾಸ್ತಿ ನೀರು. ಮೊದಲು ಉದ್ದಕ್ಕೂ ಕಾಲುವೆ ತೋಡಿ ನೀರು ಬಸಿಯಬೇಕು. ಇದಕ್ಕೇ ವರ್ಷಗಳು ಹಿಡಿಯುತ್ತವೆ. ಆಮೇಲೆ ಬೇಸಿಗೆಯಲ್ಲಿ ಮಳೆ ಇಲ್ಲದ ದಿನ ನೋಡಿ ಯಂತ್ರದಿಂದ ಮೇಲಿನ ಒಂದು ಸೆಂಟಿಮೀಟರ್‌ನಷ್ಟು ಪದರವನ್ನು ಪುಡಿ ಮಾಡುತ್ತಾರೆ. ಆ ಪುಡಿಯನ್ನು ಬಿಸಿಲಿಗೆ ತಿರುವಿ ಹಾಕುತ್ತಾರೆ, ಒಣಗಿದ ಮೇಲೆ ಸಾಲಾಗಿ ಎಳೆದು ರಾಶಿ ಮಾಡುತ್ತಾರೆ, ರಾಶಿಗೆ ಪಾಲಿಥಿನ್ ಹೊದಿಸುತ್ತಾರೆ. ನಡುವೆ ಮಳೆ ಬಂದರೆ ಮತ್ತೆ ಮೊದಲಿಂದ. ಅಲ್ಲಿಂದ ಕಂಪನಿಯದೇ ಸಣ್ಣ ರೈಲಿನಲ್ಲಿ ಸ್ಥಾವರಕ್ಕೆ ಸಾಗಣೆ. ಇಷ್ಟೂ ಕೆಲಸಕ್ಕೆ ಜನ ಬೇಕಿತ್ತು. ಯಂತ್ರ ಓಡಿಸುವವರು, ರಿಪೇರಿಯವರು, ರೈಲಿನವರು, ಬೇಸಿಗೆಯಲ್ಲಿ ಕೂಲಿಗೆ ಬರುವ ಹುಡುಗರು. ಆಫಲಿ, ಲಾಂಗ್‌ಫರ್ಡ್, ರಾಸ್‌ಕಾಮನ್, ಕಿಲ್ಡೇರ್ ಇಂಥ ನಡುನಾಡಿನ ಜಿಲ್ಲೆಗಳಲ್ಲಿ ಬೇರೆ ಕಾರ್ಖಾನೆಗಳು ಕಡಿಮೆ. ಅಪ್ಪ, ಮಗ, ಮೊಮ್ಮಗ ಒಂದೇ ಜೌಗಿನಲ್ಲಿ ದುಡಿದ ಕುಟುಂಬಗಳು ಅಲ್ಲಿ ಎಷ್ಟೋ ಇವೆ.

2030 ಅಂದಿದ್ದು 2020ಕ್ಕೇ ಬಂದಿದ್ದು ಹೇಗೆ

ಪೀಟ್ ಸುಟ್ಟರೆ ಹೊಗೆಯ ಲೆಕ್ಕ ಕಲ್ಲಿದ್ದಲಿಗಿಂತಲೂ ಕೆಟ್ಟದು. ಒಂದೇ ಪ್ರಮಾಣದ ಶಾಖಕ್ಕೆ ಪೀಟ್ ಬಿಡುವ ಇಂಗಾಲದ ಡೈಆಕ್ಸೈಡ್ ನೈಸರ್ಗಿಕ ಅನಿಲದ ಸುಮಾರು ಎರಡರಷ್ಟು. ಪೀಟ್‌ನಿಂದ ಒಂದು ಮೆಗಾವ್ಯಾಟ್ ಗಂಟೆ, ಅಂದರೆ 1,000 ಯೂನಿಟ್ ವಿದ್ಯುತ್ ಮಾಡಿದರೆ ಹೆಚ್ಚುಕಮ್ಮಿ ಒಂದು ಟನ್ ಇಂಗಾಲದ ಡೈಆಕ್ಸೈಡ್ ಮೇಲೆ ಹೋಗುತ್ತದೆ. ಯುರೋಪಿನಲ್ಲಿ ವಿದ್ಯುತ್ ಸ್ಥಾವರಗಳು ಪ್ರತಿ ಟನ್‌ಗೆ ದುಡ್ಡು ಕಟ್ಟಬೇಕು. 2017ರಲ್ಲಿ ಆ ದರ ಟನ್‌ಗೆ 10 ಯೂರೋಕ್ಕಿಂತ ಕಡಿಮೆ ಇತ್ತು. 2019ಕ್ಕೆ 25ರ ಆಸುಪಾಸಿಗೆ ಬಂತು. 2021ರ ಕೊನೆಗೆ 80 ದಾಟಿತು.

ಇಷ್ಟಿದ್ದೂ ಸ್ಥಾವರಗಳು ನಡೆಯುತ್ತಿದ್ದುದು ಸಬ್ಸಿಡಿಯಿಂದ. ದೇಶದ್ದೇ ಇಂಧನ ಎಂಬ ಕಾರಣ ಕೊಟ್ಟು ಎಲ್ಲ ಗ್ರಾಹಕರ ಕರೆಂಟ್ ಬಿಲ್ಲಿನಲ್ಲಿ ಒಂದು ಲೆವಿ ಸೇರಿಸಿ ಆ ದುಡ್ಡನ್ನು ಪೀಟ್ ವಿದ್ಯುತ್ತಿಗೂ ಕೊಡುತ್ತಿದ್ದರು. ಶ್ಯಾನನ್‌ಬ್ರಿಡ್ಜ್ ಮತ್ತು ಲೇನ್ಸ್‌ಬರೋ ಸ್ಥಾವರಗಳಿಗೆ, ಇವೆರಡೂ ಇನ್ನೊಂದು ಸರ್ಕಾರಿ ಕಂಪನಿ ಇಎಸ್‌ಬಿಯವು, ಈ ನೆರವು 2019ರ ಕೊನೆಗೆ ಮುಗಿಯಿತು.

ಅದೇ ವರ್ಷ ಎರಡು ಪೆಟ್ಟು ಒಟ್ಟಿಗೆ ಬಿತ್ತು. ಜುಲೈನಲ್ಲಿ ಕಟ್ಟಡ, ಭೂಬಳಕೆಗೆ ಅನುಮತಿ ಕೊಡುವ ದೇಶದ ಯೋಜನಾ ಮಂಡಳಿ ಶ್ಯಾನನ್‌ಬ್ರಿಡ್ಜನ್ನು ನಿಧಾನವಾಗಿ ಮರದ ಚೂರಿಗೆ ಬದಲಿಸುವ ಯೋಜನೆಗೆ ಅನುಮತಿ ಕೊಡಲಿಲ್ಲ. ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ತೀರ್ಪು ಬಂತು. ದೊಡ್ಡ ಮಟ್ಟದಲ್ಲಿ ಪೀಟ್ ತೆಗೆಯುವವರಿಗೆ ಯೋಜನಾ ಅನುಮತಿಯಿಂದ ವಿನಾಯಿತಿ ಕೊಟ್ಟಿದ್ದ ಸರ್ಕಾರದ ನಿಯಮಗಳನ್ನು ಕೋರ್ಟ್ ರದ್ದು ಮಾಡಿತು. ಅಂದರೆ ಇನ್ನು ಮೇಲೆ ಪೀಟ್ ತೆಗೆಯಬೇಕಾದರೆ ಪರಿಸರ ಪರಿಣಾಮದ ವರದಿ ಕೊಟ್ಟು, ಅನುಮತಿ ಪಡೆದು, ಆಮೇಲೆ ಯಂತ್ರ ಇಳಿಸಬೇಕು.

ಕಂಪನಿ ಹಾಕಿಕೊಂಡಿದ್ದ ಗಡುವುಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ. 2015ರಲ್ಲಿ ವಿದ್ಯುತ್ತಿಗೆ ಪೀಟ್ ಕೊಡುವುದನ್ನು 2030ಕ್ಕೆ ನಿಲ್ಲಿಸುತ್ತೇವೆ ಅಂದಿದ್ದರು. 2018ರ ಅಕ್ಟೋಬರ್‌ನಲ್ಲಿ ಅದು 2028 ಆಯಿತು. ಆಗ ನಡೆಯುತ್ತಿದ್ದ 62 ಜೌಗುಗಳಲ್ಲಿ 17 ತಕ್ಷಣ ಮುಚ್ಚಿದವು, ನಾನೂರಕ್ಕೂ ಜಾಸ್ತಿ ಕೆಲಸ ಹೋಗುತ್ತದೆ ಎಂದು ಹೇಳಿದರು. 2020ರಲ್ಲಿ ಸುಗ್ಗಿಯೇ ನಿಂತಿತು, ಡಿಸೆಂಬರ್‌ನಲ್ಲಿ ಎರಡೂ ಇಎಸ್‌ಬಿ ಸ್ಥಾವರಗಳು ಬಾಗಿಲು ಹಾಕಿದವು, ಮರು ತಿಂಗಳು ಕಂಪನಿ ಪೀಟ್ ತೆಗೆಯುವುದಕ್ಕೆ ಪೂರ್ಣವಿರಾಮ ಹಾಕಿತು. ಹದಿನೈದು ವರ್ಷದಲ್ಲಿ ಆಗಬೇಕಿದ್ದ ಬದಲಾವಣೆ ಐದು ವರ್ಷದಲ್ಲಿ ಆಗಿಹೋಯಿತು.

ಕಾರ್ಮಿಕ ಸಂಘಗಳ ಮುಖ್ಯ ದೂರು ಇದೇ. ನಿಲ್ಲಿಸಬಾರದಿತ್ತು ಎಂದು ಹೇಳುವವರು ಅವರಲ್ಲಿ ಕಡಿಮೆ. ಬದಲಿ ಕೆಲಸ ಸಿದ್ಧವಾಗುವ ಮೊದಲೇ ನಿಲ್ಲಿಸಿದಿರಿ ಅನ್ನುವುದು ಅವರ ಮಾತು. ಪರಿಸರ ಸಂಘಟನೆಗಳ ಉತ್ತರವೂ ಗಟ್ಟಿಯಾಗಿಯೇ ಇದೆ: ಕಾನೂನು ಮೊದಲಿಂದ ಪಾಲಿಸಿದ್ದರೆ ಕೋರ್ಟಿಗೆ ಹೋಗುವ ಪ್ರಮೇಯವೇ ಬರುತ್ತಿರಲಿಲ್ಲ, ದಿಢೀರ್ ನಿಲುಗಡೆಯೂ ಬರುತ್ತಿರಲಿಲ್ಲ. ಎರಡೂ ಮಾತು ಒಟ್ಟಿಗೆ ನಿಜ ಅನ್ನಿಸುತ್ತದೆ. ಗಡುವನ್ನು ತಾವೇ ಯೋಚಿಸಿ ಹಾಕಿಕೊಳ್ಳದವರಿಗೆ ಬೇರೆಯವರು ಗಡುವು ಹಾಕುತ್ತಾರೆ. ಆ ಗಡುವಿನಲ್ಲಿ ಕಾರ್ಮಿಕರಿಗೆ ಸಮಯ ಉಳಿದಿರುವುದಿಲ್ಲ.

ಗಾಳಿಯಂತ್ರ ಯಾಕೆ ಸಲೀಸಾಗಿ ಹೊಂದಿಕೊಂಡಿತು

ಗಾಳಿ ವಿದ್ಯುತ್ ಈ ಕಂಪನಿಗೆ ಹೊಸದೇನಲ್ಲ. ದೇಶದ ಮೊದಲ ವಾಣಿಜ್ಯ ಗಾಳಿ ವಿದ್ಯುತ್ ಕೇಂದ್ರ 1992ರಲ್ಲಿ ಮೇಯೋ ಜಿಲ್ಲೆಯ ಬೆಲ್ಲಕೋರಿಕ್‌ನಲ್ಲಿ ಶುರುವಾಗಿದ್ದೇ ಇವರ ಪೀಟ್ ತೆಗೆದು ಮುಗಿದ ಜೌಗಿನ ಮೇಲೆ. 21 ಯಂತ್ರ ಸೇರಿ ಆರೂವರೆ ಮೆಗಾವ್ಯಾಟ್ ಕೂಡ ಮುಟ್ಟುತ್ತಿರಲಿಲ್ಲ. ಆಮೇಲೆ 2014ರಲ್ಲಿ ಆಫಲಿಯ ಮೌಂಟ್‌ಲ್ಯೂಕಸ್ ಬಂತು, 28 ಯಂತ್ರ, 84 ಮೆಗಾವ್ಯಾಟ್. ಈಚಿನ ಡೆರಿನ್‌ಲಾಕ್‌ನಲ್ಲಿ 21 ಯಂತ್ರಕ್ಕೇ 105 ಮೆಗಾವ್ಯಾಟ್. ಅದೇ 21 ಯಂತ್ರ, ಮೂವತ್ತು ವರ್ಷದಲ್ಲಿ ಹದಿನಾರು ಪಟ್ಟು ವಿದ್ಯುತ್.

ಯಾಕೆ ಇಷ್ಟು ಸುಲಭವಾಯಿತು ಅಂದರೆ, ಗಾಳಿ ವಿದ್ಯುತ್ತಿಗೆ ಬೇಕಾದ್ದೆಲ್ಲ ಕಂಪನಿಯ ಹತ್ತಿರ ಮೊದಲೇ ಇತ್ತು. ಖಾಸಗಿಯವರು ಹತ್ತಾರು ರೈತರ ಜೊತೆ ಗುತ್ತಿಗೆ ಮಾಡಿಕೊಂಡು ಜಾಗ ಹೊಂದಿಸಬೇಕು. ಇಲ್ಲಿ ಒಂದೇ ಮಾಲೀಕರ ನೂರಾರು ಹೆಕ್ಟೇರ್ ಬಯಲು. ಮನೆಗಳು ದೂರ ದೂರ. ಹಳೇ ಸ್ಥಾವರಗಳಿಗೆ ಎಳೆದಿದ್ದ ದೊಡ್ಡ ವಿದ್ಯುತ್ ತಂತಿಗಳು ಇದೇ ಪ್ರದೇಶದಲ್ಲಿವೆ. ಸರ್ಕಾರಕ್ಕೂ 2030ರೊಳಗೆ ಶೇ. 80ರಷ್ಟು ವಿದ್ಯುತ್ ನವೀಕರಿಸಬಹುದಾದ ಮೂಲಗಳಿಂದ ಬರಬೇಕೆಂಬ ಗುರಿ ಇದೆ. ಜಾಗ, ತಂತಿ, ಗಿರಾಕಿ ಮೂರೂ ಸಿಕ್ಕಂತಾಯಿತು.

ಪೀಟ್ ನೆಲದ ಮೇಲೆ ಗಾಳಿಯಂತ್ರ ನಿಲ್ಲಿಸುವುದು ಸುರಕ್ಷಿತವೇ ಎಂದು ಕೇಳುವವರಿಗೆ ಅವರದೇ ಕಾರಣವಿದೆ. 2003ರಲ್ಲಿ ಗಾಲ್ವೇ ಜಿಲ್ಲೆಯ ಡೆರಿಬ್ರಯನ್‌ನಲ್ಲಿ, ಅದು ಇಎಸ್‌ಬಿಗೆ ಸೇರಿದ ಯೋಜನೆ, ಕಾಮಗಾರಿ ನಡೆಯುವಾಗಲೇ ಬೆಟ್ಟದ ಪೀಟ್ ಜಾರಿ ಹೊಳೆಗೆ ಇಳಿಯಿತು. ಪರಿಸರ ಪರಿಣಾಮ ಸರಿಯಾಗಿ ಅಳೆಯಲಿಲ್ಲವೆಂದು 2019ರಲ್ಲಿ ಯುರೋಪಿನ ನ್ಯಾಯಾಲಯ ಐರ್ಲೆಂಡಿಗೆ 50 ಲಕ್ಷ ಯೂರೋ ದಂಡ ಹಾಕಿತು, ಸರಿಪಡಿಸುವವರೆಗೆ ದಿನಕ್ಕೆ 15,000 ಬೇರೆ. ಆದರೆ ಒಂದು ವ್ಯತ್ಯಾಸ ಗಮನಿಸಬೇಕು. ಅದು ಇಳಿಜಾರಿನ ಹಸಿ ಜೌಗು. ಬೋರ್ಡ್ ನಾ ಮೋನಾ ಯಂತ್ರ ನಿಲ್ಲಿಸುವುದು ಹೆಚ್ಚಾಗಿ ಪೀಟ್ ತೆಗೆದು ತೆಗೆದು ತಳ ಕಂಡ ಸಮತಟ್ಟು ನೆಲದಲ್ಲಿ, ಅಡಿಪಾಯ ಕೆಳಗಿನ ಗಟ್ಟಿ ಮಣ್ಣಿಗೇ ಮುಟ್ಟುತ್ತದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಲೆಕ್ಕ ತಪ್ಪುತ್ತದೆ.

ಇನ್ನು ಸೌರ ವಿದ್ಯುತ್. ಕಿಲ್ಡೇರ್‌ನ ಟಿಮಾಹೋದಲ್ಲಿ ಇಎಸ್‌ಬಿ ಜೊತೆ ಸೇರಿ ಕಟ್ಟಿದ್ದಾರೆ. ತರ್ಕ ಅದೇ, ಜಾಗ ಇದೆ.

ಕಸ: ಬಂದಿದ್ದು ಯಾಕೆ, ಹೊರಟಿದ್ದು ಯಾಕೆ

ಓದುಗರಿಗೆ ಜಾಸ್ತಿ ಗೊಂದಲ ಆಗಿರುವುದು ಇಲ್ಲಿ. ಪೀಟ್‌ಗೂ ಕಸಕ್ಕೂ ಏನು ಸಂಬಂಧ?

2007ರಲ್ಲಿ ಬೋರ್ಡ್ ನಾ ಮೋನಾ ಎಇಎಸ್ ಎಂಬ ಕಸ ಸಂಗ್ರಹ ಕಂಪನಿಯನ್ನು ಕೊಂಡಿತು. ಮರು ವರ್ಷ ಕಿಲ್ಡೇರ್‌ನ ಡ್ರಿಹಿಡ್‌ನಲ್ಲಿ ತನ್ನದೇ ಜೌಗಿನ ನೆಲದಲ್ಲಿ ದೊಡ್ಡ ಕಸ ಹೂಳುವ ತಾಣ ತೆರೆಯಿತು. ಲೆಕ್ಕಾಚಾರ ಹೀಗಿತ್ತು: ಡಬ್ಲಿನ್ ಹತ್ತಿರದಲ್ಲೇ ಇದೆ, ಅಲ್ಲಿ ಕಸ ಹೂಳಲು ಜಾಗವಿಲ್ಲ, ನಮ್ಮಲ್ಲಿ ಊರಾಚೆ ಜಾಗವಿದೆ. ಕಸ ಎತ್ತುವುದು, ಸಾಗಿಸುವುದು, ಹೂಳುವುದು ಮೂರೂ ಒಂದೇ ಕೈಯಲ್ಲಿದ್ದರೆ ಲಾಭ. ಹೂತ ಕಸದಿಂದ ಬರುವ ಮೀಥೇನ್ ಹಿಡಿದು ವಿದ್ಯುತ್ತನ್ನೂ ಮಾಡಬಹುದು, ಡ್ರಿಹಿಡ್‌ನಲ್ಲಿ ಅದನ್ನೂ ಮಾಡಿದರು. ಅಷ್ಟೇ ಅಲ್ಲ, ಲಾರಿ, ಭಾರೀ ಯಂತ್ರ, ಪರಿಸರ ಪರವಾನಗಿ, ಇವನ್ನೆಲ್ಲ ನಿಭಾಯಿಸಿ ಗೊತ್ತಿದ್ದ ಕಂಪನಿ ಅದು. ಪೀಟ್ ಬಿಟ್ಟವರನ್ನು ಇಲ್ಲಿ ಸೇರಿಸಿಕೊಳ್ಳಬಹುದು ಎಂಬ ಆಸೆಯೂ ಇತ್ತು. ಆಗ ನೋಡಿದರೆ ತಪ್ಪು ಹೆಜ್ಜೆ ಅನ್ನಿಸುವುದಿಲ್ಲ.

ಆಮೇಲೆ ನೆಲೆಯೇ ಬದಲಾಯಿತು. ಕೊಳೆಯುವ ಕಸವನ್ನು ಹೂಳುವುದು ಕಡಿಮೆ ಮಾಡಬೇಕೆಂದು ಯುರೋಪಿನ ಕಾನೂನು ಬಿಗಿಯಾಯಿತು. ಐರ್ಲೆಂಡ್ ಸರ್ಕಾರ ಹೂಳುವ ಕಸಕ್ಕೆ ತೆರಿಗೆ ಏರಿಸುತ್ತಾ ಹೋಗಿ 2013ಕ್ಕೆ ಟನ್‌ಗೆ 75 ಯೂರೋ ಮಾಡಿತು. ಕಸ ಸುಟ್ಟು ವಿದ್ಯುತ್ ಮಾಡುವ ಘಟಕಗಳು ಬಂದವು, ಮೀತ್ ಜಿಲ್ಲೆಯಲ್ಲಿ 2011ರಲ್ಲಿ ಒಂದು, ಡಬ್ಲಿನ್ನಿನ ಪೂಲ್‌ಬೆಗ್‌ನಲ್ಲಿ 2017ರಲ್ಲಿ ಇನ್ನೊಂದು. ಪೂಲ್‌ಬೆಗ್ ಒಂದೇ ವರ್ಷಕ್ಕೆ 6 ಲಕ್ಷ ಟನ್ ನುಂಗುತ್ತದೆ. ಹೂಳುವ ಕಡೆಗೆ ಬರುತ್ತಿದ್ದ ಕಸದಲ್ಲಿ ದೊಡ್ಡ ಪಾಲು ಸುಡುವ ಕಡೆಗೆ ತಿರುಗಿತು.

ಕಸ ಎತ್ತುವ ಕಡೆಯೂ ಸುಖವಿರಲಿಲ್ಲ. ಐರ್ಲೆಂಡಿನಲ್ಲಿ ಮನೆ ಕಸ ಎತ್ತುವುದು ನಗರಸಭೆಯ ಕೆಲಸವಾಗಿ ಉಳಿದಿಲ್ಲ. ಡಬ್ಲಿನ್ ನಗರಸಭೆ 2012ರಲ್ಲಿ ಕೈಬಿಟ್ಟಿತು. ಒಂದೇ ಬೀದಿಯಲ್ಲಿ ಎರಡು ಮೂರು ಕಂಪನಿಗಳ ಲಾರಿಗಳು ಬೇರೆ ಬೇರೆ ದಿನ ಬರುತ್ತವೆ, ಪ್ರತಿ ಮನೆಯವರು ತಮಗೆ ಬೇಕಾದ ಕಂಪನಿಗೆ ದುಡ್ಡು ಕಟ್ಟುತ್ತಾರೆ. ಅಲ್ಲಿರುವ ಕನ್ನಡದ ಕುಟುಂಬಗಳಿಗೆ ಇದು ಚೆನ್ನಾಗಿ ಗೊತ್ತು. ಬಾಡಿಗೆ ಮನೆ ಬದಲಿಸಿದರೆ ಬಿನ್ ಕಂಪನಿಯನ್ನೂ ಹೊಸದಾಗಿ ಹುಡುಕಬೇಕು. ಇಂಥ ವ್ಯವಸ್ಥೆಯಲ್ಲಿ ಲಾಭ ಬರುವುದು ಒಂದೇ ಬೀದಿಯಲ್ಲಿ ಜಾಸ್ತಿ ಮನೆ ಇರುವವರಿಗೆ. ಲಾರಿ ಹತ್ತು ಮನೆಗೆ ನಿಂತರೂ ನಲವತ್ತು ಮನೆಗೆ ನಿಂತರೂ ಡೀಸೆಲ್ಲು, ಡ್ರೈವರ್ ಸಂಬಳ ಹೆಚ್ಚುಕಮ್ಮಿ ಅಷ್ಟೇ. ನಡುನಾಡಿನ ಚದುರಿದ ಹಳ್ಳಿಗಳಲ್ಲಿ ಗಿರಾಕಿಗಳಿರುವ ಕಂಪನಿಗೆ ಈ ಲೆಕ್ಕ ಕಷ್ಟ.

ಗಾಳಿ ವಿದ್ಯುತ್ತಿಗೆ ನೂರಾರು ಕೋಟಿ ಬಂಡವಾಳ ಬೇಕಾದ ಹೊತ್ತಿನಲ್ಲಿ ಕಂಪನಿ ಕಸ ಎತ್ತುವ ಭಾಗವನ್ನು ಮಾರಲು ಹೊರಟಿದ್ದು ಈ ಹಿನ್ನೆಲೆಯಲ್ಲಿ. ಡ್ರಿಹಿಡ್ ಮಾತ್ರ ಉಳಿಸಿಕೊಂಡಿದ್ದೂ ಅರ್ಥವಾಗುತ್ತದೆ: ಅದು ನೆಲ, ಅನುಮತಿ ಇರುವ ನೆಲ. ಇಂಥ ತಾಣಗಳು ದೇಶದಲ್ಲಿ ಈಗ ಬೆರಳೆಣಿಕೆಯಷ್ಟೇ ಉಳಿದಿವೆ, ಹೊಸದಕ್ಕೆ ಅನುಮತಿ ಸಿಗುವುದು ಬಹಳ ಕಷ್ಟ.

ವಿರೋಧದ ವಾದವೂ ಹಗುರದ್ದಲ್ಲ. ಪೀಟ್‌ನಿಂದ ಹೊರಬಂದವರಿಗೆ ಬದಲಿ ಕೆಲಸ ಎಂದು ತೋರಿಸಿದ್ದ ವಿಭಾಗವನ್ನೇ ಖಾಸಗಿಗೆ ಮಾರಿದರೆ ಆ ಭರವಸೆಯ ಗತಿ ಏನು ಎಂದು ಕಾರ್ಮಿಕ ಸಂಘಗಳು ಕೇಳಿದವು. ಸರ್ಕಾರಿ ಕಂಪನಿಯ ಸಂಬಳ, ಪಿಂಚಣಿ, ಒಪ್ಪಂದಗಳು ಹೊಸ ಮಾಲೀಕರ ಕೈಯಲ್ಲಿ ಹಾಗೇ ಉಳಿಯುತ್ತವೆಯೇ ಎಂಬ ಆತಂಕ ಸಹಜ. ಇನ್ನೊಂದು ಪ್ರಶ್ನೆ ಗ್ರಾಹಕರದು: ಇರುವ ಕೆಲವೇ ಕಂಪನಿಗಳಲ್ಲಿ ಒಂದು ಕಡಿಮೆಯಾದರೆ ದರ ಏರುವುದಿಲ್ಲವೇ? ಹಾಗಾಗಿಯೇ ಮಾರಾಟ ಸ್ಪರ್ಧಾ ಆಯೋಗದ ಪರಿಶೀಲನೆಗೆ ಹೋಗಬೇಕಾಯಿತು. ನನ್ನ ಅಭಿಪ್ರಾಯ ಹೇಳುವುದಾದರೆ, ವ್ಯಾಪಾರದ ದೃಷ್ಟಿಯಿಂದ ಮಾರಾಟ ಸರಿ. ಆದರೆ ಕೈಗೆ ಕೆಲಸ ಕೊಡುವ ವ್ಯವಹಾರ ಕೈಬಿಟ್ಟು, ನೆಲ ಬೇಡುವ ವ್ಯವಹಾರ ಮಾತ್ರ ಇಟ್ಟುಕೊಳ್ಳುವ ದಾರಿಗೆ ಕಂಪನಿ ಬಿದ್ದಿದೆ ಎಂಬುದನ್ನು ಸರ್ಕಾರ ಬಾಯಿಬಿಟ್ಟು ಒಪ್ಪಿಕೊಳ್ಳಬೇಕು.

ಈಡನ್‌ಡೆರಿಯಲ್ಲಿ ಉರಿಯುತ್ತಿರುವುದು ಏನು

ಕಂಪನಿಯದೇ ಸ್ಥಾವರ ಆಫಲಿಯ ಈಡನ್‌ಡೆರಿಯಲ್ಲಿದೆ. ಅಲ್ಲಿ ಪೀಟ್ ಜೊತೆ ಮರದ ಚೂರು ಬೆರೆಸಿ ಸುಡುವುದು ವರ್ಷಗಳಿಂದ ನಡೆದಿತ್ತು. 2023ರ ಕೊನೆಗೆ ಪೀಟ್ ಸುಡುವುದು ಪೂರ್ತಿ ನಿಂತಿತು. ಮರದ ಚೂರು, ಮರದ ಪುಡಿಯಂಥ ಜೈವಿಕ ಇಂಧನದಿಂದ 2030ರವರೆಗೆ ನಡೆಸಲು ಅನುಮತಿ ಇದೆ.

ಪರವಾಗಿ ಹೇಳುವವರ ಮಾತು: ಗಾಳಿ ಬೀಸದ ಚಳಿಗಾಲದ ಸಂಜೆಗೆ ಒತ್ತಿದ ತಕ್ಷಣ ಸಿಗುವ ವಿದ್ಯುತ್ ಬೇಕು, ಮರ ಕಡಿದರೂ ಮತ್ತೆ ಬೆಳೆಯುತ್ತದೆ, ಸ್ಥಳೀಯ ಅರಣ್ಯದ ಉಳಿಕೆಗೆ ಗಿರಾಕಿ ಸಿಗುತ್ತದೆ, ಊರಲ್ಲಿ ಕೆಲಸ ಉಳಿಯುತ್ತದೆ. ಎದುರಿನವರು ಹೇಳುವುದು: ಅಷ್ಟು ಮರ ಐರ್ಲೆಂಡಿನಲ್ಲಿ ಇಲ್ಲ, ಹೊರಗಿನಿಂದ ತರಿಸಬೇಕಾಗುತ್ತದೆ, ಹಡಗಿನಲ್ಲಿ ಸಮುದ್ರ ದಾಟಿಸಿ ತಂದ ಮರ ಸುಡುವುದು ಹಸಿರು ಹೇಗಾದೀತು? ಶ್ಯಾನನ್‌ಬ್ರಿಡ್ಜ್ ಯೋಜನೆಗೆ ಅನುಮತಿ ತಪ್ಪಿದ ಕಾರಣಗಳಲ್ಲಿ ಆಮದು ಇಂಧನದ ಅವಲಂಬನೆಯೂ ಒಂದು. ಮರ ಸುಟ್ಟಾಗ ಹೊಗೆ ಇವತ್ತೇ ಮೇಲೆ ಹೋಗುತ್ತದೆ, ಬದಲಿ ಮರ ಬೆಳೆದು ಅದನ್ನು ಹೀರಲು ದಶಕಗಳು ಬೇಕು. ಲೆಕ್ಕದ ಪುಸ್ತಕದಲ್ಲಿ ಮಾತ್ರ ಇದು ಸೊನ್ನೆ ಎಂದು ಬರೆದುಕೊಳ್ಳುತ್ತಾರೆ. ಹಾಗಾಗಿ ಇದನ್ನು ನಡುವಿನ ತಂಗುದಾಣ ಎಂದು ಒಪ್ಪಬಹುದು, ತಲುಪಬೇಕಾದ ಊರು ಅನ್ನಲಾಗದು.

ನೀರು ಮತ್ತೆ ನಿಲ್ಲಿಸುವ ಕೆಲಸ

ಇಡೀ ಬದಲಾವಣೆಯಲ್ಲಿ ನನಗೆ ಅತ್ಯಂತ ಮುಖ್ಯ ಅನ್ನಿಸುವುದು ಇದು, ಸುದ್ದಿಯಲ್ಲಿ ಕಡಿಮೆ ಕಾಣಿಸುವುದೂ ಇದೇ. ಜೌಗು ಒಣಗಿದ್ದರೆ ಪೀಟ್ ತೆಗೆಯದಿದ್ದರೂ ಸುಮ್ನೆ ಬಿಟ್ಟಲ್ಲೇ ಅದು ಗಾಳಿಗೆ ಕೊಳೆತು ಇಂಗಾಲ ಬಿಡುತ್ತಲೇ ಇರುತ್ತದೆ. ತೆಗೆಯುವುದನ್ನು ನಿಲ್ಲಿಸಿದರೆ ಸಾಲದು, ನೀರು ವಾಪಸ್ ತರಬೇಕು.

ಅದಕ್ಕೆ 33,000 ಹೆಕ್ಟೇರ್ ಜೌಗನ್ನು ಸರಿಪಡಿಸುವ ಯೋಜನೆ ಹಾಕಿಕೊಂಡರು. ಯುರೋಪಿನ ಕೋವಿಡ್ ನಂತರದ ಚೇತರಿಕೆ ನಿಧಿಯಿಂದ 10.8 ಕೋಟಿ ಯೂರೋ, ಕಂಪನಿಯದು 1.8 ಕೋಟಿ. ಕೆಲಸ ನೋಡಲು ಸರಳ: ಹಿಂದೆ ತೋಡಿದ ಕಾಲುವೆಗಳಿಗೆ ಅಲ್ಲಲ್ಲೇ ಪೀಟ್ ಒತ್ತಿ ಒಡ್ಡು ಕಟ್ಟುವುದು, ಏರುತಗ್ಗು ಸಮ ಮಾಡುವುದು, ನೀರಿನ ಮಟ್ಟ ಮೇಲ್ಮೈ ಹತ್ತಿರವೇ ನಿಲ್ಲುವಂತೆ ನೋಡಿಕೊಳ್ಳುವುದು, ಕೆಲವು ಕಡೆ ಜೌಗು ಪಾಚಿಯನ್ನು ನೆಡುವುದು. ಒಂದು ಕಾಲದಲ್ಲಿ ಇದೇ ಕಾಲುವೆ ತೋಡಿದ್ದ ಯಂತ್ರದವರಿಗೇ ಈಗ ಮುಚ್ಚುವ ಕೆಲಸ. ಯಾವ ಕಾಲುವೆ ಎಲ್ಲಿಗೆ ಹರಿಯುತ್ತದೆ, ಎಲ್ಲಿ ಎಕ್ಸ್‌ಕವೇಟರ್ ಹೂತುಹೋಗುತ್ತದೆ ಎಂದು ಅವರಷ್ಟು ಚೆನ್ನಾಗಿ ಬೇರೆ ಯಾರಿಗೆ ಗೊತ್ತಿರಲು ಸಾಧ್ಯ? ಕೈಗಳ ಅನುಭವ ವ್ಯರ್ಥವಾಗದೆ ಉಳಿದಿರುವುದು ಇದೊಂದು ಕಡೆ.

ಪೀಟ್ ತೆಗೆದ ಜಾಗ ಹೇಗೆ ಚಿಗುರಬಹುದು ಎಂಬುದಕ್ಕೆ ಆಫಲಿಯ ಲಾಕ್ ಬೂರಾ ಸಾಕ್ಷಿ. ಹಳೇ ಜೌಗಿನಲ್ಲಿ ಈಗ ಕೆರೆಗಳು, ಹಕ್ಕಿಗಳು, ನಡೆಯುವ ಹಾದಿಗಳು, ಪೀಟ್ ಯಂತ್ರಗಳ ಕಬ್ಬಿಣದಿಂದಲೇ ಮಾಡಿದ ಶಿಲ್ಪಗಳು.

ತೊಂದರೆ ಏನೆಂದರೆ ಆ ಯುರೋಪ್ ನಿಧಿಗೆ 2026ರ ಆಗಸ್ಟ್ ಕೊನೆಯ ಗಡುವು. 33,000 ಹೆಕ್ಟೇರ್ ಅಂದರೆ ಕಂಪನಿಯ ನೆಲದಲ್ಲಿ ಅರ್ಧಕ್ಕಿಂತ ಕಡಿಮೆ. ಉಳಿದ ನೆಲಕ್ಕೆ, ಕಟ್ಟಿದ ಒಡ್ಡುಗಳ ಉಸ್ತುವಾರಿಗೆ, ಕೆಲಸದವರ ಮುಂದಿನ ವರ್ಷಗಳಿಗೆ ಬೇರೆ ದುಡ್ಡು ಬೇಕು. 2024ರಲ್ಲಿ ಜಾರಿಗೆ ಬಂದ ಯುರೋಪಿನ ಪ್ರಕೃತಿ ಪುನಶ್ಚೇತನ ಕಾನೂನು ಇಲ್ಲಿ ಸಹಾಯಕ್ಕೆ ಬರಬಹುದು. ಬಸಿದು ಒಣಗಿಸಿದ ಕೃಷಿ ಜೌಗುಗಳನ್ನು ಹಂತ ಹಂತವಾಗಿ ಸರಿಪಡಿಸಬೇಕೆಂದು ಆ ಕಾನೂನು ಹೇಳುತ್ತದೆ. ರೈತರು ಹೆದರಿದ್ದಾರೆ, ನಮ್ಮ ಹೊಲಕ್ಕೆ ನೀರು ನಿಲ್ಲಿಸುತ್ತಾರೆಯೇ ಎಂದು. ಹಳೇ ಪೀಟ್ ಗಣಿ ನೆಲವನ್ನು ಆ ಗುರಿಯಲ್ಲಿ ಒಂದು ಮಿತಿಯವರೆಗೆ ಲೆಕ್ಕಕ್ಕೆ ಹಿಡಿಯಲು ಅವಕಾಶವಿದೆ. ಹಾಗಾಗಿ ಸರ್ಕಾರಿ ನೆಲದಲ್ಲಿ ಕೆಲಸ ಜಾಸ್ತಿ ಆದಷ್ಟೂ ರೈತರ ಮೇಲಿನ ಒತ್ತಡ ಕಡಿಮೆ. ಬೋರ್ಡ್ ನಾ ಮೋನಾದ ಜೌಗು ಈಗ ರೈತರಿಗೂ ಬೇಕಾದ ಆಸ್ತಿ ಆಗಿದೆ.

ಇಷ್ಟಾದರೂ ದೇಶದಲ್ಲಿ ಪೀಟ್ ನಿಂತಿಲ್ಲ

ಸರ್ಕಾರಿ ಕಂಪನಿ ನಿಲ್ಲಿಸಿತು, ದೇಶ ನಿಲ್ಲಿಸಲಿಲ್ಲ. ಹಳ್ಳಿಯವರು ಮನೆ ಉರುವಲಿಗೆ ತಮ್ಮ ಹಕ್ಕಿನ ಜೌಗಿನಲ್ಲಿ ಪೀಟ್ ಕಡಿಯುವುದು ಬೇರೆ ವಿಷಯ, ಅದು ನಡೆಯುತ್ತಿದೆ. ದೊಡ್ಡ ಪ್ರಶ್ನೆ ತೋಟಗಾರಿಕೆಯದು. ಅಣಬೆ ಬೆಳೆಯಲು, ಸಸಿ ಕುಂಡಕ್ಕೆ ಪೀಟ್ ಬೇಕು. 2019ರ ತೀರ್ಪಿನ ನಂತರ ಅನುಮತಿ ಕಷ್ಟವಾಗಿ 2021ರ ಸೆಪ್ಟೆಂಬರ್‌ನಲ್ಲಿ ಲಾಟ್ವಿಯಾದಿಂದ 3,600 ಟನ್ ಪೀಟ್ ಹಡಗಿನಲ್ಲಿ ಬಂತು. ಪೀಟ್ ತುಂಬಿದ ದೇಶಕ್ಕೆ ಪೀಟ್ ಆಮದು! ಜನ ಸಿಟ್ಟಾಗಿದ್ದರಲ್ಲಿ ಆಶ್ಚರ್ಯವಿಲ್ಲ ಅಲ್ವಾ? 2025ರ ಜೂನ್‌ನಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಏಳು ಜಿಲ್ಲೆಗಳ 38 ಕಡೆ ಅನುಮತಿ ಇಲ್ಲದೆ ದೊಡ್ಡ ಪ್ರಮಾಣದಲ್ಲಿ ಪೀಟ್ ತೆಗೆಯುತ್ತಿದ್ದಾರೆಂದು ವರದಿ ಕೊಟ್ಟಿತು. ಅದರಲ್ಲಿ ಬಹುಪಾಲು ರಫ್ತಿಗೆ. ನಿಯಮ ಪಾಲಿಸುವ ಸರ್ಕಾರಿ ಕಂಪನಿ ಹೊರನಡೆದ ಜಾಗಕ್ಕೆ ನಿಯಮ ಮುರಿಯುವವರು ಬಂದರೆ ಹವಾಮಾನಕ್ಕೆ ಸಿಕ್ಕ ಲಾಭ ಏನು ಎಂದು ಕೇಳುವವರ ಮಾತಿನಲ್ಲಿ ಹುರುಳಿದೆ. ಉತ್ತರ ಮಾತ್ರ ಸರ್ಕಾರಿ ಕಂಪನಿ ಮತ್ತೆ ಪೀಟ್ ತೆಗೆಯುವುದಲ್ಲ, ಕಾನೂನನ್ನು ಎಲ್ಲರಿಗೂ ಒಂದೇ ಥರ ಜಾರಿ ಮಾಡುವುದು.

ಇಲ್ಲಿ ನಮಗೂ ಒಂದು ನಂಟಿದೆ. ಯುರೋಪಿನ ಪೀಟ್ ರಹಿತ ಕುಂಡ ಮಣ್ಣಿಗೆ ಬೀಳುವ ಮುಖ್ಯ ವಸ್ತುಗಳಲ್ಲಿ ಕೋಕೋಪೀಟ್ ಒಂದು, ಅದು ಹೋಗುವುದು ಹೆಚ್ಚಾಗಿ ಭಾರತ ಮತ್ತು ಶ್ರೀಲಂಕಾದಿಂದ. ತಿಪಟೂರು, ಅರಸೀಕೆರೆಯಂಥ ತೆಂಗಿನ ಸೀಮೆಗಳಲ್ಲಿ ನಾರು ಬಿಡಿಸಿದ ಮೇಲೆ ಉಳಿಯುವ ಪುಡಿ ಇದು. ಐರ್ಲೆಂಡಿನಂಥ ಕಡೆ ಪೀಟ್ ಬಿಗಿಯಾದಷ್ಟೂ ಈ ಪುಡಿಗೆ ಬೇಡಿಕೆ ಏರುತ್ತದೆ. ಅದನ್ನು ತೊಳೆಯಲು ನೀರು ಜಾಸ್ತಿ ಬೇಕು ಎಂಬುದನ್ನೂ ಮರೆಯಬಾರದು.

ಮುಂದೆ: ಡೇಟಾ ಸೆಂಟರ್‌ಗಳ ಪಾಳಿ

ಈಗ ಕಂಪನಿ ಆಫಲಿ, ಮೀತ್, ವೆಸ್ಟ್‌ಮೀತ್, ಕಿಲ್ಡೇರ್ ಗಡಿ ಸೇರುವ ಕಡೆ ಸುಮಾರು 3,000 ಹೆಕ್ಟೇರ್‌ನಲ್ಲಿ ಎನರ್ಜಿ ಪಾರ್ಕ್ ಮಾಡಲು ಹೊರಟಿದೆ. ಗಾಳಿ, ಸೌರ ವಿದ್ಯುತ್ ಪಕ್ಕದಲ್ಲೇ ಡೇಟಾ ಸೆಂಟರ್‌ನಂಥ ದೊಡ್ಡ ಗಿರಾಕಿಗಳು. 2023ರಲ್ಲಿ ಐರ್ಲೆಂಡಿನ ಒಟ್ಟು ವಿದ್ಯುತ್ತಿನಲ್ಲಿ ಶೇ. 21ರಷ್ಟನ್ನು ಡೇಟಾ ಸೆಂಟರ್‌ಗಳೇ ಬಳಸಿದವು. ಡಬ್ಲಿನ್ ಸುತ್ತ ಹೊಸ ಸಂಪರ್ಕ ಸಿಗುವುದು ಕಷ್ಟ. ವಿದ್ಯುತ್ ಹುಟ್ಟುವ ಕಡೆಗೇ ಗಿರಾಕಿ ಬಂದರೆ ಉದ್ದದ ತಂತಿಗಳ ಖರ್ಚು ಉಳಿಯುತ್ತದೆ, ಗಾಳಿ ಜೋರಿದ್ದಾಗ ಯಂತ್ರ ನಿಲ್ಲಿಸಬೇಕಾದ ಸಂದರ್ಭ ಕಡಿಮೆಯಾಗುತ್ತದೆ. ಈ ವಾದ ಸರಿಯೇ. ಆದರೆ ಹೊಸ ಹಸಿರು ವಿದ್ಯುತ್ತನ್ನು ಹೊಸ ಬೇಡಿಕೆಯೇ ತಿಂದುಬಿಟ್ಟರೆ ಮನೆಗಳ, ಬಸ್ಸುಗಳ ಹಳೇ ಇಂಧನವನ್ನು ಬದಲಿಸುವುದಕ್ಕೆ ಉಳಿಯುವುದೇನು? ಡೇಟಾ ಸೆಂಟರ್ ಕಟ್ಟುವಾಗ ಕೆಲಸ ಬಹಳ, ಕಟ್ಟಿದ ಮೇಲೆ ಕಡಿಮೆ. ಗಾಳಿ ವಿದ್ಯುತ್ ಕೇಂದ್ರದ್ದೂ ಅದೇ ಕಥೆ.

ಊರುಗಳಿಗೆ ಸಿಗುವ ನೇರ ಹಣವನ್ನು ಲೆಕ್ಕ ಹಾಕಿ ನೋಡೋಣ. ಸರ್ಕಾರದ ನವೀಕರಿಸಬಹುದಾದ ವಿದ್ಯುತ್ ನೆರವು ಯೋಜನೆಯಡಿ ಬರುವ ಕೇಂದ್ರಗಳು ಪ್ರತಿ ಮೆಗಾವ್ಯಾಟ್ ಗಂಟೆಗೆ 2 ಯೂರೋವನ್ನು ಸ್ಥಳೀಯ ನಿಧಿಗೆ ಕೊಡಬೇಕು. 100 ಮೆಗಾವ್ಯಾಟ್‌ನ ಕೇಂದ್ರ ವರ್ಷದಲ್ಲಿ ಶೇ. 30ರಷ್ಟು ಸಾಮರ್ಥ್ಯದಲ್ಲಿ ನಡೆದರೆ ಸುಮಾರು 2.6 ಲಕ್ಷ ಮೆಗಾವ್ಯಾಟ್ ಗಂಟೆ, ಅಂದರೆ ನಿಧಿಗೆ ವರ್ಷಕ್ಕೆ 5 ಲಕ್ಷ ಯೂರೋ ಚಿಲ್ಲರೆ. ಸಭಾಭವನಕ್ಕೆ, ಆಟದ ಮೈದಾನಕ್ಕೆ, ಮನೆಗಳಿಗೆ ಚಳಿ ತಡೆಯುವ ಹೊದಿಕೆ ಹಾಕಿಸಲು ಒಳ್ಳೇ ಮೊತ್ತ. ಪೀಟ್ ಕಾಲದ ನೂರಾರು ಸಂಬಳಗಳ ಜಾಗವನ್ನು ತುಂಬುವ ಮೊತ್ತ ಅಲ್ಲ.

ಯುರೋಪ್ ಮತ್ತು ಐರ್ಲೆಂಡ್ ಸೇರಿ ಈ ನಡುನಾಡಿಗೆ ಇಟ್ಟಿರುವ ನ್ಯಾಯಯುತ ಪರಿವರ್ತನಾ ನಿಧಿ 16.9 ಕೋಟಿ ಯೂರೋ. ಅದೂ ಕಾಲಮಿತಿಯದ್ದು. ಈಡನ್‌ಡೆರಿಯ ಅನುಮತಿ 2030ಕ್ಕೆ ಮುಗಿಯುತ್ತದೆ, ಜೌಗು ಸರಿಪಡಿಸುವ ಹಣಕ್ಕೆ 2026 ಗಡುವು. ಕಂಪನಿಯ ಬಹುಪಾಲು ಷೇರು ಸರ್ಕಾರದ್ದೇ ಆಗಿರುವುದರಿಂದ ಗಾಳಿ ವಿದ್ಯುತ್ತಿನ ಲಾಭ ಕೊನೆಗೆ ಖಜಾನೆಗೇ ಹೋಗುತ್ತದೆ. ಆ ಲಾಭದಲ್ಲಿ ಒಂದು ಪಾಲನ್ನು ಉಳಿದ ಜೌಗುಗಳ ಕೆಲಸಕ್ಕೆ ಕಾಯಂ ಆಗಿ ಕಟ್ಟಿಹಾಕಿದರೆ ಯಂತ್ರದವರಿಗೆ ಇನ್ನೂ ಹಲವು ವರ್ಷ ಕೆಲಸ ಸಿಗುತ್ತದೆ, ಇಂಗಾಲವೂ ನೆಲದಲ್ಲಿ ಉಳಿಯುತ್ತದೆ. ಇದಕ್ಕೆ ಹೊಸ ತಂತ್ರಜ್ಞಾನ ಬೇಕಿಲ್ಲ, ಹೊಸ ಕಂಪನಿಯೂ ಬೇಕಿಲ್ಲ. ಡಬ್ಲಿನ್ನಿನ ಬಜೆಟ್‌ನಲ್ಲಿ ಒಂದು ಸಾಲು ಬೇಕು, ಅದು 2026ರ ಆಗಸ್ಟ್‌ಗೆ ಮೊದಲೇ ಬರಬೇಕು.